ಉಳಿದದ್ದು, ಬಿದ್ದದ್ದು

ಇಲಿಯಮ್ಮನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಈಗ ಹಾಜರಿ ಪುಸ್ತಕದಲ್ಲಿ ಮಾತ್ರ ಉಸಿರಾಡುತ್ತಿತ್ತು. ಸಂಶೋಧನಾ ಕೇಂದ್ರದ ಪ್ರಾಣಿಕೋಣೆಯಲ್ಲಿ ಹತ್ತೊಂಬತ್ತು ವರ್ಷ ಇಲಿಗಳಿಗೆ ಆಹಾರ ಹಾಕಿ, ಹಾಸು ಬದಲಿಸಿ, ನೀರಿನ ಬಾಟಲಿ ತೊಳೆದ ಮೇಲೆ ಈ ಹೆಸರು ತಾನಾಗಿ ಅಂಟಿಕೊಂಡಿತ್ತು. ಬಾಗಿಲು ಕಾಯುವವನು ದಿನಾ ಬೆಳಗ್ಗೆ, "ಏನು ಇಲಿಯಮ್ಮ, ಮಕ್ಕಳೆಲ್ಲಾ ಚೆನ್ನಾಗಿದಾರಾ?" ಎಂದು ಕೇಳುತ್ತಿದ್ದ. "ನನ್ನ ಇನ್ನೂರ ಹದಿನಾರು ಜನಾನೂ ಚೆನ್ನಾಗಿದಾರೆ. ನಿನ್ನ ಒಬ್ಬ ಹೇಗಿದಾನೆ?" ಎಂದು ಆಕೆ ಚಪ್ಪಲಿ ಬಿಟ್ಟು, ಒಳಗಿನ ರಬ್ಬರ್ ಬೂಟು ಹಾಕಿಕೊಂಡು, ತಲೆಗೆ ಟೋಪಿ ಏರಿಸಿ ಒಳಗೆ ಹೋಗುತ್ತಿದ್ದಳು.

ಇಲಿಗಳನ್ನು ಹಿಡಿಯುವುದರಲ್ಲಿ ಆಕೆಯ ಕೈಗೆ ಸರಿಸಾಟಿ ಇರಲಿಲ್ಲ. ಓದಿ ಬಂದವರು ಕೈಗವಸಿನ ಮೇಲೆ ಕೈಗವಸು ಹಾಕಿಕೊಂಡು ಕಚ್ಚಿಸಿಕೊಳ್ಳುತ್ತಿದ್ದರು. ಇಲಿಯಮ್ಮ ಅಂಗೈ ಒಡ್ಡಿದರೆ ಸಾಕು, ಇಲಿ ಅದರಲ್ಲಿ ಬಂದು ಕೂರುತ್ತಿತ್ತು. ಓದು ಬರಹ ಮಾತ್ರ ಅಷ್ಟಕ್ಕಷ್ಟೇ. ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುತ್ತಿದ್ದಳು. ಆದರೆ ಅಂಕಿಗಳನ್ನು ಮುತ್ತಿನಂತೆ ಬರೆಯುತ್ತಿದ್ದಳು. ಒಂದನ್ನೂ ಹೊಡೆದು ತಿದ್ದಿದವಳಲ್ಲ.

ಅದಕ್ಕೇ ಚಿಕ್ಕ ಮೇಡಂ ಆಕೆಯನ್ನೇ ಬೇಕೆಂದು ಕೇಳಿ ಪಡೆದಿದ್ದಳು. ಚಿಕ್ಕ ಮೇಡಂ ಎಂದರೆ ಆಗಷ್ಟೇ ಸ್ವಂತ ಪ್ರಯೋಗ ಮಾಡಲು ಒಪ್ಪಿಗೆ ಸಿಕ್ಕಿದ್ದ ಸಂಶೋಧಕಿ. ಮೂವತ್ತು ದಾಟಿರಲಿಲ್ಲ, ನಡೆಯುವಾಗಲೂ ಓಡುತ್ತಿದ್ದಳು. ಈರುಳ್ಳಿಯ ಹೊರಸಿಪ್ಪೆಯಿಂದ ತೆಗೆದ ಒಂದು ಹಳದಿ ಪುಡಿಯನ್ನು ಆಕೆ ಡಬ್ಬಿಯಲ್ಲಿ ತಂದಿದ್ದಳು. ಅದರ ಹೆಸರು ಕ್ವೆರ್ಸಿಟಿನ್. ಇಲಿಯಮ್ಮನ ನಾಲಿಗೆ ಆ ಹೆಸರಿಗೆ ಎರಡು ಸಲ ಎಡವಿ, ಮೂರನೆಯ ಸಲ ಅದನ್ನು ಸಿಪ್ಪೆಪುಡಿ ಎಂದು ಮಾಡಿಕೊಂಡಿತು.

"ಮನೆ ಕಾಯೋ ನಾಯಿ ಇದೆ ಅಂದ್ಕೊಳ್ಳಿ ಇಲಿಯಮ್ಮ," ಎಂದು ಚಿಕ್ಕ ಮೇಡಂ ಮೊದಲ ದಿನವೇ ಬಿಡಿಸಿ ಹೇಳಿದ್ದಳು. "ಕಳ್ಳ ಬಂದ್ರೆ ಕಚ್ಚೋದು ಅದರ ಕೆಲಸ. ನಮ್ಮ ಮೈಯೊಳಗಿನ ರೋಗನಿರೋಧಕ ಶಕ್ತಿ ಅಂದ್ರೆ ಹಾಗೇ. ಕೆಲವರಲ್ಲಿ ಆ ನಾಯಿಗೆ ತಲೆ ಕೆಟ್ಟು ಮನೆಯವರನ್ನೇ ಕಚ್ಚತ್ತೆ. ಕೀಲುಗಳು ಊದಿಕೊಳ್ತವೆ, ಬಿಸಿಯಾಗ್ತವೆ, ಸವೀತವೆ. ಈಗಿರೋ ಮಾತ್ರೆಗಳು ನಾಯಿನ ಕಟ್ಟಿ ಹಾಕ್ತವೆ. ಕಚ್ಚೋದು ನಿಲ್ಲತ್ತೆ. ಆದರೆ ನಿಜವಾದ ಕಳ್ಳ ಬಂದ್ರೂ ಅದು ಕಟ್ಟಿದ ಜಾಗದಲ್ಲೇ ಇರತ್ತೆ. ಈ ಪುಡಿ ನಾಯಿನ ಕಟ್ಟದೇ ಸಮಾಧಾನ ಮಾಡತ್ತಾ ಅಂತ ನೋಡ್ಬೇಕು."

ಆ ಮಾತನ್ನು ಇಲಿಯಮ್ಮ ನೀರು ತುಂಬಿದ ಲೋಟದಂತೆ ತುಳುಕಿಸದೆ ಮನೆಗೆ ಒಯ್ದಳು. ಏಕೆಂದರೆ ಮನೆಯಲ್ಲಿ ಅಂಥದೇ ನಾಯಿ ಕಚ್ಚಿದ ತಂಗಿ ಇದ್ದಳು.

ತಂಗಿ ಹನ್ನೆರಡು ವರ್ಷ ಚಿಕ್ಕವಳು, ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಗೆ ತೂಗುಹಾಕಿದ ಅರ್ಧ ಹೊಲಿದ ಕೋಟುಗಳು, ನೆಲದ ತುಂಬ ದಾರದ ಚೂರು. ನಾಲ್ಕು ವರ್ಷದ ಕೆಳಗೆ ಅವಳ ಬೆರಳ ಗೆಣ್ಣುಗಳು ಊದಿಕೊಳ್ಳಲು ತೊಡಗಿದ್ದವು. ಬೆಳಗ್ಗೆ ಎದ್ದರೆ ಒಂದು ಗಂಟೆ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಆಸ್ಪತ್ರೆಯ ವೈದ್ಯರು ವಾರಕ್ಕೊಂದು ದಿನ, ಬುಧವಾರ, ನುಂಗುವ ಮಾತ್ರೆ ಕೊಟ್ಟಿದ್ದರು. ಬೆರಳು ತಕ್ಕಮಟ್ಟಿಗೆ ಹಿಡಿತಕ್ಕೆ ಬಂದಿದ್ದವು. ಅದರ ಬದಲಿಗೆ ಬಾಯಿಯಲ್ಲಿ ಹುಣ್ಣು ಬಂದಿತ್ತು. ಬಟ್ಟೆ ಕೊಡಲು ಬಂದವರು ಒಮ್ಮೆ ಸೀನಿದರೆ ತಂಗಿಗೆ ಹತ್ತು ದಿನ ನೆಗಡಿ.

"ನನ್ನ ನಾಯಿಗೆ ಕಚ್ಚೋಕೆ ಬೇರೆ ಏನೂ ಸಿಗಲಿಲ್ವಾ ಅಕ್ಕ?" ಎಂದಳು ತಂಗಿ, ಎಲ್ಲ ಕೇಳಿಸಿಕೊಂಡು. "ಸೊಂಟದ ಸುತ್ತ ಇಷ್ಟೊಂದು ಇಟ್ಕೊಂಡಿದೀನಿ. ಅಲ್ಲಿ ಕಚ್ಚಿದ್ರೆ ನಾನೇ ಅದಕ್ಕೆ ದಿನಾ ಹಾಲು ಹಾಕ್ತಿದ್ದೆ."

ಪ್ರಯೋಗ ಶುರುವಾಯಿತು. ಇಪ್ಪತ್ತು ಪ್ಲಾಸ್ಟಿಕ್ ಪೆಟ್ಟಿಗೆ, ಪೆಟ್ಟಿಗೆಗೆ ಮೂರು ಇಲಿ. ಎಲ್ಲಕ್ಕೂ ಸೂಜಿ ಚುಚ್ಚಿ ಕಾಲಿನ ಕೀಲು ಊದುವಂತೆ ಮಾಡಿದ್ದರು. ಹತ್ತು ಪೆಟ್ಟಿಗೆಗೆ ಹಳದಿ ಚೀಟಿ, ಅವಕ್ಕೆ ಸಿಪ್ಪೆಪುಡಿ ಬೆರೆಸಿದ ಆಹಾರದ ಗಟ್ಟಿ ತುಂಡುಗಳು. ಇನ್ನು ಹತ್ತಕ್ಕೆ ಬಿಳಿ ಚೀಟಿ, ಬರಿಯ ಆಹಾರ. ಪೆಟ್ಟಿಗೆಯ ತಂತಿಯ ಮುಚ್ಚಳದಲ್ಲಿ ತೊಟ್ಟಿಯಂಥ ಒಂದು ತಗ್ಗು ಇತ್ತು. ತುಂಡುಗಳನ್ನು ಅದರಲ್ಲಿ ಹಾಕಿದರೆ ಇಲಿಗಳು ಕೆಳಗಿನಿಂದ ಕೊರೆದು ತಿನ್ನುತ್ತಿದ್ದವು. ಚಿಕ್ಕ ಮೇಡಂ ಒಂದು ಕಾಗದ ಕೊಟ್ಟಿದ್ದಳು. ಅದರಲ್ಲಿ ಮೂರು ಕಲಂ: ಹಾಕಿದ್ದು, ಉಳಿದದ್ದು, ತಿಂದದ್ದು.

"ಹಾಕಿದ್ದರಲ್ಲಿ ಉಳಿದದ್ದನ್ನ ಕಳೆದ್ರೆ ತಿಂದದ್ದು ಸಿಗತ್ತೆ. ಮೊದಲ ಎರಡು ನೀವು ತೂಗಿ ಬರೀರಿ, ಕಳೆಯೋದು ನನಗೆ ಬಿಡಿ," ಎಂದಿದ್ದಳು.

ಸೋಮವಾರ, ಶುಕ್ರವಾರ ಇಲಿಯಮ್ಮ ಪ್ರತಿ ಮುಚ್ಚಳದ ತೊಟ್ಟಿಯಲ್ಲಿ ಉಳಿದದ್ದನ್ನು ತೂಗಿ, ದುಂಡಗೆ ಬರೆಯುತ್ತಿದ್ದಳು. ಆಮೇಲೆ ಇಲಿಗಳನ್ನು ಹೊಸ ಪೆಟ್ಟಿಗೆಗೆ ದಾಟಿಸಿ, ಹಳೆಯದರಲ್ಲಿ ಹಾಸಿದ್ದ ಮರದ ಹೊಟ್ಟನ್ನು ಕಸದ ಚೀಲಕ್ಕೆ ಸುರಿಯುತ್ತಿದ್ದಳು. ಹಳದಿ ಸಾಲಿನ ಇಲಿಗಳು ಸ್ವಲ್ಪ ಪೋಲಿಗಳು ಎಂದು ಆಕೆಗೆ ಮೊದಲ ವಾರವೇ ಅನಿಸಿತ್ತು. ಹೊಟ್ಟಿನ ತುಂಬ ಆಹಾರ ಚೆಲ್ಲಾಪಿಲ್ಲಿ ಮಾಡುತ್ತಿದ್ದವು. "ತಿನ್ನೋಕೂ ನೆಟ್ಟಗೆ ಬರಲ್ವಲ್ಲೋ ನಿಮಗೆ," ಎಂದು ಬೈದು ಆಕೆ ಚೀಲದ ಬಾಯಿ ಕಟ್ಟುತ್ತಿದ್ದಳು.

ಮೂರನೆಯ ವಾರಕ್ಕೆ ಹಳದಿ ಸಾಲಿನಲ್ಲಿ ಬಾವು ಇಳಿಯತೊಡಗಿತು. ಚಿಕ್ಕ ಮೇಡಂ ಇಕ್ಕಳದಂಥ ಅಳತೆಗೋಲಿನಿಂದ ಇಲಿಯ ಪಾದ ಅಳೆದು ಅಂಕಿ ಕೂಗಿದರೆ ಇಲಿಯಮ್ಮನಿಗೆ ಅವತ್ತು ಮನೆಗೆ ಹೋಗುವ ಆತುರ. ಹೊಸಿಲಲ್ಲಿ ನಿಂತೇ ಹೇಳಿಬಿಡುತ್ತಿದ್ದಳು, "ಇವತ್ತು ಇನ್ನೊಂದಿಷ್ಟು ಇಳೀತು ಕಣೇ." ತಂಗಿ ಯಂತ್ರದ ಚಕ್ರ ಹಿಡಿದು ನಿಲ್ಲಿಸಿ, "ಎಷ್ಟು?" ಎನ್ನುತ್ತಿದ್ದಳು. ಇಲಿಯಮ್ಮ ಹೆಬ್ಬೆರಳು ತೋರುಬೆರಳಿನ ನಡುವೆ ಕೂದಲೆಳೆಯಷ್ಟು ಜಾಗ ಮಾಡಿ ತೋರಿಸುತ್ತಿದ್ದಳು. ಇಬ್ಬರೂ ಆ ಜಾಗವನ್ನೇ ನೋಡುತ್ತಿದ್ದರು.

ಒಂದು ಸಂಜೆ ಒಲೆಯ ಮೇಲೆ ಪಾತ್ರೆಯಲ್ಲಿ ಈರುಳ್ಳಿ ಸಿಪ್ಪೆ ಕುದಿಯುತ್ತಿತ್ತು. ತರಕಾರಿ ಅಂಗಡಿಯವನ ಹತ್ತಿರ ತಂಗಿ ಒಂದು ಚೀಲ ಸಿಪ್ಪೆ ಕೇಳಿ ತಂದಿದ್ದಳಂತೆ. "ಈರುಳ್ಳಿ ಬೇಡ, ಸಿಪ್ಪೆ ಕೊಡಿ ಅನ್ನೋ ಗಿರಾಕಿ ನನ್ನ ಜನ್ಮದಲ್ಲಿ ನೀವೇ ಮೊದಲು ಅಂದ," ಎಂದು ನಗುತ್ತ ಅವಳು ಕೆಂಪು ನೀರನ್ನು ಸೋಸಿ, ಮೂಗು ಹಿಡಿದು ಕುಡಿದಳು. ಇಲಿಯಮ್ಮನಿಗೆ ಬೇಡವೆನ್ನಲು ಕಾರಣ ಕಾಣಲಿಲ್ಲ. ಸಿಪ್ಪೆ ನೀರು ತಾನೇ, ಏನು ಮಹಾ ಕೇಡು ಮಾಡೀತು ಎಂದುಕೊಂಡಳು. ಒಳಗೊಳಗೇ ಹೆಮ್ಮೆಯೂ ಆಯಿತು. ಇಷ್ಟು ವರ್ಷ ಇಲಿ ವಾಸನೆ ಬಿಟ್ಟು ಮತ್ತೇನನ್ನೂ ಆಕೆ ಕೆಲಸದಿಂದ ಮನೆಗೆ ತಂದವಳಲ್ಲ.

ಏಳು ವಾರ ಮುಗಿದ ಗುರುವಾರ ಚಿಕ್ಕ ಮೇಡಂ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದು, ಇಲಿಯಮ್ಮನನ್ನು ತನ್ನ ಮೇಜಿನ ಹತ್ತಿರ ಕೂರಿಸಿದಳು. ಪರದೆಯ ಮೇಲೆ ಎರಡು ಗೆರೆಗಳಿದ್ದವು. ಒಂದು ಏರಿ ಅಲ್ಲೇ ನಿಂತಿತ್ತು, ಇನ್ನೊಂದು ಏರಿ ಇಳಿದಿತ್ತು.

"ಇಳಿದಿದ್ದು ನಮ್ಮ ಹಳದಿ ಸಾಲು! ರಕ್ತದಲ್ಲೂ ಉರಿಯೂತದ ಗುರುತುಗಳು ಕಡಿಮೆ ಆಗಿವೆ. ನಮ್ಮ ಕೇಂದ್ರದ ದೊಡ್ಡ ಸರ್ ಮುಂದಿನ ತಿಂಗಳ ವಿಜ್ಞಾನಿಗಳ ಸಭೆಗೆ ನನ್ನ ಹೆಸರು ಕೊಟ್ಟೇಬಿಟ್ರು. ತಗೊಳ್ಳಿ, ಇನ್ನೊಂದು ಬಿಸ್ಕತ್ತು."

"ಒಳ್ಳೇದಾಯ್ತು ಮೇಡಂ."

"ನಿಮ್ಮಿಂದ ದೊಡ್ಡ ಉಪಕಾರ ಆಗಿದೆ, ಗೊತ್ತಾ? ಸಭೇಲಿ ಒಬ್ಬರಾದ್ರೂ ಕೇಳೇ ಕೇಳ್ತಾರೆ, ಈ ಇಲಿಗಳು ಕಡಿಮೆ ತಿಂದಿರಬಹುದಲ್ವಾ ಅಂತ. ಹೊಟ್ಟೆಗೆ ಕಡಿಮೆ ಬಿದ್ರೆ ಪುಡಿಗಿಡಿ ಏನೂ ಇಲ್ಲದೇನೂ ಬಾವು ಇಳಿಯತ್ತೆ. ಅವರ ಬಾಯಿ ಮುಚ್ಚಿಸೋದು ಇದು." ಚಿಕ್ಕ ಮೇಡಂ ಇಲಿಯಮ್ಮನ ಕಾಗದಗಳ ಕಟ್ಟನ್ನು ತಟ್ಟಿದಳು. "ಹಾಕಿದ್ದು, ಉಳಿದದ್ದು. ಕಳೆದರೆ ಎರಡೂ ಸಾಲು ಸಮಸಮ ತಿಂದಿವೆ."

ಇಲಿಯಮ್ಮನ ಬಾಯಲ್ಲಿದ್ದ ಬಿಸ್ಕತ್ತು ಮರದ ಹೊಟ್ಟಿನಂತಾಯಿತು.

"ಹಳದಿಯವು ಸ್ವಲ್ಪ ಸಣ್ಣ ಆಗಿವೆ ಅಲ್ವಾ ಮೇಡಂ?" ಎಂದು ಮೆಲ್ಲಗೆ ಕೇಳಿದಳು.

"ಹೌದು, ಪುಡಿ ಕೊಬ್ಬನ್ನೂ ಕರಗಿಸ್ತಿದೆ. ಅದೂ ಲಾಭವೇ!"

ಮರುದಿನ ಶುಕ್ರವಾರ. ಇಲಿಯಮ್ಮ ಮನೆಯಿಂದ ಹಿಟ್ಟು ಜರಡಿ ತಂದಿದ್ದಳು. ಕೋಣೆಯ ಬಾಗಿಲು ಹಾಕಿಕೊಂಡು, ಹಳದಿ ಸಾಲಿನ ಮೊದಲ ಪೆಟ್ಟಿಗೆಯ ಹೊಟ್ಟನ್ನು ಜರಡಿಗೆ ಸುರಿದು ಆಡಿಸಿದಳು. ಕೆಳಗಿನ ಕಾಗದದ ಮೇಲೆ ಹಳದಿ ಪುಡಿ ಸಣ್ಣ ಗುಡ್ಡೆಯಾಗಿ ಬಿತ್ತು. ಮೇಲೆ ಸಿಕ್ಕಿದ ಚೂರುಗಳನ್ನೂ ಆರಿಸಿ ತೂಗಿದಳು. ಹನ್ನೆರಡು ಗ್ರಾಂ. ಅದೇ ಪೆಟ್ಟಿಗೆಯ ಲೆಕ್ಕದಲ್ಲಿ ನಾಲ್ಕು ದಿನಕ್ಕೆ ತಿಂದದ್ದು ನಲವತ್ತೆಂಟು ಎಂದು ಬರುತ್ತಿತ್ತು. ಕಾಲು ಭಾಗ ನೆಲದ ಪಾಲಾಗಿತ್ತು. ಬಿಳಿ ಸಾಲಿನ ಒಂದು ಪೆಟ್ಟಿಗೆಯ ಹೊಟ್ಟನ್ನೂ ಜರಡಿ ಹಿಡಿದಳು. ಒಂದು ಗ್ರಾಂ ಸಿಕ್ಕಿತು. ಇನ್ನೂ ನಾಲ್ಕು ಪೆಟ್ಟಿಗೆ ನೋಡಿದಳು. ಎಲ್ಲೂ ಅದೇ ಕಥೆ. ಕೊನೆಗೆ ಹಳದಿ ತುಂಡೊಂದರ ಮೂಲೆಯನ್ನು ನಾಲಿಗೆಯ ತುದಿಗೆ ಮುಟ್ಟಿಸಿದಳು. ಕಹಿ, ಕಿವಿಯವರೆಗೆ ಏರುವ ಕಹಿ. ಪಾಪ, ಅವು ಪೋಲಿಗಳಲ್ಲ. ಕೊರೆದು, ರುಚಿ ನೋಡಿ, ಉಗುಳಿದ್ದವು.

ಯಾರೂ ಕೇಳಿಲ್ಲ, ನಾನ್ಯಾಕೆ ಹೇಳಲಿ ಎಂದು ಮನಸ್ಸು ಒಂದು ಕಡೆ ಎಳೆಯಿತು. ಕಾಗದದಲ್ಲಿ ಬರೆದಿದ್ದನ್ನೇ ತಾನು ತೂಗಿದ್ದು. ತಪ್ಪು ಒಂದೂ ಇಲ್ಲ. ಹೇಳಿದರೆ ಆ ಹುಡುಗಿಯ ಎರಡು ತಿಂಗಳ ಓಡಾಟ, ಅರವತ್ತು ಇಲಿಗಳ ನೋವು, ದೊಡ್ಡ ಸರ್ ಮುಂದಿನ ಮರ್ಯಾದೆ, ಎಲ್ಲ ಈ ಜರಡಿಯಲ್ಲೇ ಸೋರಿ ಹೋಗುತ್ತದೆ. ಇಲಿಯಮ್ಮ ಆರು ಪೊಟ್ಟಣ ಕಟ್ಟಿ, ಮೇಲೆ ತೂಕ ಬರೆದು, ತನ್ನ ಬೀರುವಿನಲ್ಲಿಟ್ಟು ಮನೆಗೆ ಹೋದಳು.

ಅವತ್ತು ಹೊಸಿಲಲ್ಲಿ ಆಕೆ ಏನೂ ಹೇಳಲಿಲ್ಲ. ತಂಗಿ ತಾನೇ ಖುಷಿಯಲ್ಲಿದ್ದಳು. "ಅಕ್ಕ, ಇಲ್ಲಿ ನೋಡು," ಎಂದು ಬಾಯಿ ಅಗಲಿಸಿ ತೋರಿಸಿದಳು. "ಒಂದು ಹುಣ್ಣು ಇದೆಯಾ ಹೇಳು. ಹದಿನೈದು ದಿನದಿಂದ ಒಂದು ಸೀನೂ ಬಂದಿಲ್ಲ. ಎದುರು ಮನೆಯವರೆಲ್ಲಾ ಕೆಮ್ಮಿ ಕೆಮ್ಮಿ ಸಾಯ್ತಿದಾರೆ, ನಾನು ಕಲ್ಲುಗುಂಡು."

"ಅದು ಹೇಗೆ?"

"ಬುಧವಾರದ ಮಾತ್ರೆ ಬಿಟ್ಟೆ. ಎರಡು ವಾರ ಆಯ್ತು. ನಿನಗೆ ಹೇಳಿದ್ರೆ ಬೈತೀಯ ಅಂತ ಹೇಳಲಿಲ್ಲ. ಸಿಪ್ಪೆ ನೀರೇ ಸಾಕು ನನಗೆ."

ಇಲಿಯಮ್ಮ ತಂಗಿಯ ಬಲಗೈ ಹಿಡಿದಳು. ಗೆಣ್ಣುಗಳು ಬಿಸಿಯಾಗಿದ್ದವು. ನಡುಬೆರಳಿಗೆ ಸೂಜಿ ಚುಚ್ಚದಂತೆ ಹಾಕುವ ತಗಡಿನ ಟೋಪಿ ಮೇಜಿನ ಮೇಲೆ ಬಿದ್ದಿತ್ತು.

"ಇದ್ಯಾಕೆ ಹಾಕಿಲ್ಲ?"

"ಹವಾ ಬದಲಾಗಿದೆಯಲ್ಲ, ಸ್ವಲ್ಪ ಬಿಗಿ ಆಗತ್ತೆ," ಎಂದು ತಂಗಿ ಕೈ ಎಳೆದುಕೊಂಡಳು.

ಕೀಲು ಒಮ್ಮೆ ಸವೆದರೆ ಮರಳಿ ಬರುವುದಿಲ್ಲ ಎಂದು ಆಸ್ಪತ್ರೆಯ ವೈದ್ಯರು ಹೇಳಿದ್ದು ಇಬ್ಬರೂ ಪಕ್ಕಪಕ್ಕ ಕೂತು ಕೇಳಿಸಿಕೊಂಡ ಮಾತು. ಇಲಿಯಮ್ಮನಿಗೆ ಆ ಕ್ಷಣವೇ ಬಾಯಿ ತೆರೆಯಬೇಕೆನಿಸಿತು. ಆದರೆ ಏನೆಂದು ಹೇಳುವುದು? ಸಿಪ್ಪೆಪುಡಿ ಕೆಲಸ ಮಾಡುವುದಿಲ್ಲ ಎಂದೇ? ಅದು ತನಗೆ ಗೊತ್ತೇ? ಜರಡಿ ಹಿಡಿದವಳಿಗೆ ಗೊತ್ತಿದ್ದದ್ದು ಇಷ್ಟೇ: ಎಷ್ಟು ಬಿತ್ತು ಎಂಬುದು.

ಶನಿವಾರ ಬೆಳಗ್ಗೆ ಚಿಕ್ಕ ಮೇಡಂ ಬರುವ ಮೊದಲೇ ಇಲಿಯಮ್ಮ ಆಕೆಯ ಮೇಜಿನ ಮೇಲೆ ಆರು ಪೊಟ್ಟಣ ಸಾಲಾಗಿ ಇಟ್ಟು ಕಾದಳು.

"ಏನಿದು ಇಲಿಯಮ್ಮ, ಬಿಸ್ಕತ್ತಿಗೆ ಬದಲಾ?" ಎಂದು ನಗುತ್ತ ಬಂದ ಚಿಕ್ಕ ಮೇಡಂ ಒಂದು ಪೊಟ್ಟಣ ಬಿಚ್ಚಿದಳು. ಪುಡಿಯ ಬಣ್ಣ ನೋಡಿದಳು. ಮೇಲೆ ಬರೆದ ತೂಕ ನೋಡಿದಳು. ನಗು ಮುಖದಲ್ಲೇ ಉಳಿದು ಒಣಗಿತು.

"ಎಲ್ಲಿಂದ ಬಂತು?"

"ಹೊಟ್ಟಿನೊಳಗಿಂದ. ಹಳದಿಯವು ತುಂಬಾ ಕೆಡವ್ತವೆ ಮೇಡಂ. ಕಹಿ ಇದೆ. ನಾನೂ ನೆಕ್ಕಿ ನೋಡ್ದೆ."

"ಮೊದಲಿಂದಲೂನಾ?"

"ಮೊದಲ ವಾರದಿಂದಲೂ."

"ಮತ್ತೆ ಯಾಕೆ ಬರೀಲಿಲ್ಲ? ಉಳಿದದ್ದು ಅಂತ ಕಲಂ ಇತ್ತಲ್ಲ!" ಆಕೆಯ ದನಿ ಏರಿತು.

ಇಲಿಯಮ್ಮ ತಲೆ ತಗ್ಗಿಸಲಿಲ್ಲ. "ನೀವು ಉಳಿದದ್ದು ಅಂತ ಬರೆದಿದ್ರಿ. ತೊಟ್ಟೀಲಿ ಉಳಿದದ್ದು ನಾನು ಒಂದು ಗ್ರಾಂ ತಪ್ಪದೇ ಬರೆದಿದೀನಿ. ಇದು ಉಳಿದದ್ದಲ್ಲ ಮೇಡಂ, ಬಿದ್ದದ್ದು. ನಮ್ಮಲ್ಲಿ ಬಿದ್ದದ್ದನ್ನ ಕಸ ಅಂತೀವಿ."

ಚಿಕ್ಕ ಮೇಡಂ ಅಳುವೋ ನಗುವೋ ತಿಳಿಯದಂತೆ ಸದ್ದು ಮಾಡಿ ಕುರ್ಚಿಯಲ್ಲಿ ಕುಸಿದಳು. ಇಲಿಯಮ್ಮ ಆಕೆಗೆ ನೀರು ತಂದುಕೊಟ್ಟಳು. ಯಾರೋ ಕಾರಿಡಾರಿನಲ್ಲಿ ಗಾಜಿನ ಸಾಮಾನಿನ ಗಾಡಿ ತಳ್ಳಿಕೊಂಡು ಹೋದರು.

"ನಾನೇ ಒಂದಿನ ಬಂದು ಹೊಟ್ಟು ನೋಡ್ಬೇಕಿತ್ತು," ಎಂದಳು ಚಿಕ್ಕ ಮೇಡಂ ಕೊನೆಗೆ. "ಮೈತೂಕ ಇಳಿದಾಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಬರೋದು ನನಗೆ ಬೇಕಿರಲಿಲ್ಲ."

"ಹಾಗಾದ್ರೆ ಸಿಪ್ಪೆಪುಡಿಯಿಂದ ಏನೂ ಆಗಲ್ವಾ?"

"ಆಗಲ್ಲ ಅಂತಲ್ಲ. ಬಾವು ಇಳಿದದ್ದು ಪುಡಿಯಿಂದಲೋ ಹಸಿವಿನಿಂದಲೋ ಗೊತ್ತಿಲ್ಲ. ಎರಡೂ ಸೇರಿಯೂ ಇರಬಹುದು. ಮತ್ತೆ ಮೊದಲಿಂದ ಮಾಡ್ಬೇಕು. ಹಳದಿ ಸಾಲು ನಿಜವಾಗಿ ಎಷ್ಟು ತಿನ್ನತ್ತೋ ಬಿಳಿ ಸಾಲಿಗೂ ಅಷ್ಟೇ ಹಾಕಿ ನೋಡ್ಬೇಕು. ಆಗ ಬರೋ ಉತ್ತರವೂ ಇಲಿಯದ್ದೇ, ಮನುಷ್ಯರದ್ದಲ್ಲ." ಆಕೆ ತಲೆ ಎತ್ತಿದಳು. "ಯಾಕೆ ಕೇಳ್ತಿದೀರಿ?"

ಇಲಿಯಮ್ಮ ತಂಗಿಯ ವಿಷಯ ಹೇಳಿದಳು. ಚಿಕ್ಕ ಮೇಡಂ ತನ್ನ ದುಃಖ ಮರೆತು ಎದ್ದು ನಿಂತಳು. "ಮಾತ್ರೆ ಬಿಟ್ಟಿದಾರಾ? ಅಯ್ಯೋ, ಮೊದಲು ವೈದ್ಯರ ಹತ್ತಿರ ಕರ್ಕೊಂಡು ಹೋಗಿ. ನಾನು ಒಂದು ದಿನವೂ ಹಾಗೆ ಹೇಳಿಲ್ಲವಲ್ಲ!"

"ನೀವು ಹೇಳಿಲ್ಲ ಮೇಡಂ," ಎಂದಳು ಇಲಿಯಮ್ಮ. ಯಾರು ಹೇಳಿದ್ದೆಂದು ಆಕೆಗೆ ದಾರಿಯುದ್ದಕ್ಕೂ ಹೊಳೆಯುತ್ತ ಹೋಯಿತು.

ಮನೆಯಲ್ಲಿ ತಂಗಿ ಕೋಟಿಗೆ ಗುಂಡಿ ಹಚ್ಚುತ್ತಿದ್ದಳು. ಇಲಿಯಮ್ಮ ಎದುರಿಗೆ ಕೂತು, ತುಂಡು, ತೊಟ್ಟಿ, ಹೊಟ್ಟು, ಜರಡಿ, ಎಲ್ಲವನ್ನೂ ಒಂದಾದ ಮೇಲೊಂದು ಹೇಳಿದಳು. ತಂಗಿ ಸೂಜಿ ನಿಲ್ಲಿಸದೆ ಕೇಳಿದಳು.

"ಅಂದ್ರೆ ನಿನ್ನ ಇಲಿಗಳು ಹಸ್ಕೊಂಡಿದ್ವು."

"ಹೂಂ."

"ನಾನು ಇಷ್ಟು ದಿನ ಕುಡಿದದ್ದು?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ಮೇಡಂಗೂ ಗೊತ್ತಿಲ್ಲ."

ತಂಗಿ ಈಗ ಸೂಜಿ ಕೆಳಗಿಟ್ಟಳು. "ಬಾಯಿ ಹುಣ್ಣು ಹೋಯ್ತಲ್ಲ ಅಕ್ಕ. ನೆಗಡಿ ಬರಲಿಲ್ಲವಲ್ಲ."

"ಮಾತ್ರೆ ಬಿಟ್ಟೆಯಲ್ಲ, ಅದಕ್ಕೆ. ಕಟ್ಟಿದ್ದ ನಾಯಿನ ಬಿಚ್ಚಿದೀಯ. ಕಳ್ಳರು ಬರ್ತಿಲ್ಲ. ಆದ್ರೆ ಬೆರಳು ನೋಡ್ಕೋ."

"'ಮಾತ್ರೆ ಬಿಡು ಅಂತ ನಾನೆಲ್ಲಿ ಹೇಳ್ದೆ' ಅಂತಾನೂ ಈಗ ಕೇಳು ಅಕ್ಕ, ಕೇಳು."

"ನಾನು ಹೇಳಲಿಲ್ಲ ನಿಜ. ಆದ್ರೆ…"

"ಹೇಳಲಿಲ್ಲ. ದಿನಾ ಬಂದು ಹೊಸಿಲಲ್ಲಿ ನಿಂತು 'ಇವತ್ತು ಇನ್ನೊಂದಿಷ್ಟು ಇಳೀತು' ಅಂದೆ. ಬೆರಳಲ್ಲಿ ಜಾಗ ಮಾಡಿ ತೋರಿಸ್ದೆ. ಅದಕ್ಕಿಂತ ಹೇಳೋದು ಇನ್ನೇನಿರತ್ತೆ?"

ತಂಗಿ ಎದ್ದು ಅಡುಗೆಕೋಣೆಗೆ ಹೋದಳು. ಸಿಪ್ಪೆಯ ಚೀಲ ಕಸದ ಬುಟ್ಟಿಗೆ ಬಿದ್ದ ಸದ್ದು ಕೇಳಿಸಿತು. ಭಾನುವಾರವಿಡೀ ಅವಳು ಅಕ್ಕನೊಡನೆ ಮಾತಾಡಲಿಲ್ಲ. ಸೋಮವಾರ ಇಬ್ಬರೂ ಆಸ್ಪತ್ರೆಗೆ ಹೋಗಿ, ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕಾದರು. ವೈದ್ಯರು ಬೆರಳುಗಳನ್ನು ಒತ್ತಿ ನೋಡಿದರು, ರಕ್ತ ತೆಗೆಸಿದರು, ಗದರಿದರು. ಈ ಬುಧವಾರದಿಂದಲೇ ಮಾತ್ರೆ ಮತ್ತೆ ಶುರು ಮಾಡಿ ಎಂದರು. ಹುಣ್ಣಿಗೆ ಇನ್ನೊಂದು ಮಾತ್ರೆ ಸೇರಿಸಿ ಕೊಟ್ಟರು. ಅದನ್ನು ನಾಲ್ಕು ವರ್ಷದಲ್ಲಿ ಯಾಕೆ ಕೇಳಿರಲಿಲ್ಲ ಎಂದು ಅವರು ಕೇಳಿದಾಗ, ತಂಗಿ, "ನೀವು ಯಾವಾಗಲೂ ಅವಸರದಲ್ಲಿರ್ತೀರಿ ಸಾರ್," ಎಂದಳು.

ಬುಧವಾರ ಬೆಳಗ್ಗೆ ತಂಗಿ ಮಾತ್ರೆಗಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಇಲಿಯಮ್ಮ ಕೆಲಸಕ್ಕೆ ಹೊರಟು ನಿಂತಿದ್ದವಳು ಹೊರಡಲಿಲ್ಲ.

"ಮತ್ತೆ ಮಾಡ್ತಾರಂತಾ?" ಎಂದಳು ತಂಗಿ. ನಾಲ್ಕು ದಿನದಲ್ಲಿ ಅಕ್ಕನೊಡನೆ ಅದೇ ಮೊದಲ ಮಾತು.

"ಹೂಂ. ಹೊಸ ಇಲಿ ಬರ್ತವೆ. ಹನ್ನೆರಡು ವಾರ. ಮೇಡಂ ಸಭೆಗೆ ಹೋಗಲ್ಲ ಅಂತ ದೊಡ್ಡ ಸರ್‌ಗೆ ಹೇಳಿಬಂದ್ರು. ಬೈಸ್ಕೊಂಡ್ರು ಪಾಪ."

"ಈ ಸಲ ಬಿಳಿಯವೂ ಹಸ್ಕೊಂಡಿರ್ಬೇಕು."

"ಅವೂ ಅಷ್ಟೇ ತಿನ್ಬೇಕು."

"ಸುಮ್ಮನೆ?"

"ಸುಮ್ಮನೆ ಅಲ್ಲ. ನಮಗೆ ಗೊತ್ತಾಗಲಿ ಅಂತ."

ತಂಗಿ ಮಾತ್ರೆಗಳನ್ನು ಬಾಯಿಗೆ ಹಾಕಿ, ನೀರು ಕುಡಿದು, ಮುಖ ಕಿವುಚಿದಳು. "ಒಂದು ಮಾತು ಕೇಳು. ಇಳೀತು, ಏರಿತು ಅಂತ ದಿನಾ ಬಂದು ನನಗೆ ಹೇಳ್ಬೇಡ. ಹನ್ನೆರಡು ವಾರ ಮುಗಿದ ಮೇಲೆ ಒಂದೇ ಸಲ ಹೇಳು. ಒಳ್ಳೇದಾದ್ರೂ ಸರಿ, ಕೆಟ್ಟದ್ದಾದ್ರೂ ಸರಿ."

"ಆಯ್ತು."

"ಬಾಯಿ ಕಟ್ಕೊಂಡಿರೋಕೆ ಆಗತ್ತಾ ನಿನಗೆ?"

"ನೋಡೋಣ," ಎಂದಳು ಇಲಿಯಮ್ಮ.

ಕಷ್ಟವೇ ಆಯಿತು. ಸಂಜೆ ಹೊಸಿಲು ದಾಟುವಾಗ ನಾಲಿಗೆ ತಾನಾಗಿ ಮೇಲೇಳುತ್ತಿತ್ತು. ಆಕೆ ಅದನ್ನು ಹಲ್ಲಿನ ಹಿಂದೆ ಒತ್ತಿ ಹಿಡಿದು, ಬಾಗಿಲು ಕಾಯುವವನ ಮಗ ಏನು ತಂಟೆ ಮಾಡಿದ, ಬಸ್ಸಿನಲ್ಲಿ ಯಾರು ಯಾರ ಕಾಲು ತುಳಿದರು ಎಂದೆಲ್ಲ ಹೇಳುತ್ತಿದ್ದಳು. ತಂಗಿಯ ಬೆರಳ ಬಿಸಿ ಇಳಿಯಿತು. ನಡುಬೆರಳು ಮಾತ್ರ ಮೊದಲಿನಂತೆ ಪೂರ್ತಿ ಮಡಿಸಲು ಬರಲಿಲ್ಲ. ಅವಳು ಸೂಜಿ ಹಿಡಿಯುವ ರೀತಿಯನ್ನೇ ಬದಲಿಸಿಕೊಂಡಳು. ಆ ಬೆರಳನ್ನು ನೋಡಿದಾಗಲೆಲ್ಲ ಇಲಿಯಮ್ಮ ಇನ್ನಷ್ಟು ಹೊತ್ತು ಬಸ್ಸಿನ ಮಾತಾಡುತ್ತಿದ್ದಳು.

ಐದನೆಯ ವಾರದ ಒಂದು ಸಂಜೆ ತಂಗಿಯೇ ಸೋತಳು. ಟೀ ಲೋಟ ಮುಂದಿಟ್ಟು, "ಅಕ್ಕ, ಒಂದು ಸಣ್ಣ ಸುಳಿವು?" ಎಂದಳು.

"ಇಲ್ಲ."

"ಹೇಳ್ಬೇಡ ಬಿಡು. ನಿನ್ನ ಮುಖ ನೋಡಿದ್ರೇ ನನಗೆ ಗೊತ್ತಾಗತ್ತೆ."

"ಹಾಗಾದ್ರೆ ಮುಖ ನೋಡ್ಬೇಡ," ಎಂದು ಇಲಿಯಮ್ಮ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತು, ಬಿಸಿ ಟೀಯನ್ನು ನಿಧಾನವಾಗಿ ಕುಡಿದಳು.